ನಿಮ್ಮ ಪ್ರಶ್ನೆ: ಈ ಸೆಟ್ಟಿಂಗ್ ಎಲ್ಲಿ ಕೂತಿದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸೆಟ್ಟಿಂಗ್‌ಗಳ ಬಗ್ಗೆಯೇ ಇದ್ದುದರಿಂದ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಸೆಂಟರ್ ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ನನ್ನ ಮೇಜಿಗೆ ಬರುತ್ತಿದ್ದ ದೂರುಗಳೂ ಇಂಥವೇ. ‘ಸಾಫ್ಟ್‌ವೇರ್ ಕೆಟ್ಟಿದೆ ಮೇಡಂ’ ಎಂದು ಬಂದವರ ಸಾಫ್ಟ್‌ವೇರ್ ಎಷ್ಟೋ ಸಲ ನೆಟ್ಟಗೇ ಇರುತ್ತಿತ್ತು. ಅವರು ಬದಲಾಯಿಸಿದ ಜಾಗ ಒಂದು, ಪ್ರೋಗ್ರಾಂ ಓದುತ್ತಿದ್ದ ಜಾಗ ಇನ್ನೊಂದು. ಹಾಗಾಗಿ ಏನು ಬದಲಾಯಿಸಬೇಕು ಎನ್ನುವುದಕ್ಕಿಂತ ಮೊದಲು ಅದು ಎಲ್ಲಿ ಬರೆದಿದೆ ಎಂದು ಕೇಳಿ. ಕೆಳಗಿನ ಉತ್ತರಗಳಲ್ಲಿ ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿಕೊಳ್ಳಿ.

ಮೇಡಂ, ಚಿತ್ರದುರ್ಗದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ವೈರಸ್ ಬಂತೆಂದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದೆ. ಕಡತಗಳನ್ನೆಲ್ಲ ಮೊದಲೇ ಪೆನ್‌ಡ್ರೈವ್‌ಗೆ ತೆಗೆದಿಟ್ಟಿದ್ದೆ. ಆದರೆ ಲಿಬ್ರೆ ಆಫೀಸ್ ಮತ್ತೆ ಹಾಕಿಸಿದಾಗ ಆಟೊಕರೆಕ್ಟ್‌ಗೆ ಸೇರಿಸಿದ್ದ ಪದಗಳು, ನನ್ನ ನಿಘಂಟು, ಟೂಲ್‌ಬಾರ್ ಎಲ್ಲವೂ ಮಾಯ. ಈಗ ಕನ್ನಡ ಫಾಂಟ್ ಕೂಡ ಪ್ರತಿ ಸಲ ಆರಿಸಬೇಕಾಗಿದೆ. ವಾಪಸ್ ತರಬಹುದೇ?

ವರ್ಷಗಟ್ಟಲೆ ಕೂತು ಕಲಿಸಿದ ಪದಗಳು ಒಂದು ಮಧ್ಯಾಹ್ನದಲ್ಲಿ ಹೋದರೆ ಹೊಟ್ಟೆ ಉರಿಯುವುದು ಸಹಜ. ಅದು ನಿಮ್ಮ ದುಡಿಮೆ. ಅದನ್ನು ಎಲ್ಲಿ ಇಟ್ಟಿದೆ ಎಂದು ಯಾವ ಪ್ರೋಗ್ರಾಮೂ ತಾನಾಗಿ ಹೇಳುವುದಿಲ್ಲ, ಮತ್ತು ಇದು ತಯಾರಕರು ತಿದ್ದಿಕೊಳ್ಳಬೇಕಾದ ವಿಷಯ ಎಂದೇ ನನ್ನ ಅಭಿಪ್ರಾಯ.

ವಿಂಡೋಸ್‌ನಲ್ಲಿ ಪ್ರೋಗ್ರಾಂ ಇರುವುದು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ, ನಿಮ್ಮ ಕಡತಗಳು ಡಾಕ್ಯುಮೆಂಟ್ಸ್‌ನಲ್ಲಿ. ಸೆಟ್ಟಿಂಗ್‌ಗಳು ಈ ಎರಡೂ ಕಡೆ ಇರುವುದಿಲ್ಲ. ಅವು ನಿಮ್ಮ ಹೆಸರಿನ ಫೋಲ್ಡರಿನೊಳಗೆ ‘ಆಪ್‌ಡೇಟಾ’ ಎಂಬ ಮೂರನೇ ಜಾಗದಲ್ಲಿರುತ್ತವೆ. ಅದು ಸಾಮಾನ್ಯವಾಗಿ ಅಡಗಿರುವುದರಿಂದ ಬ್ಯಾಕಪ್ ತೆಗೆಯುವವರ ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್ ಕೀ ಜತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ %ಆಪ್‌ಡೇಟಾ% ಎಂದು ಟೈಪ್ ಮಾಡಿದರೆ ನೇರ ಅದರೊಳಗಿನ ‘ರೋಮಿಂಗ್’ ಫೋಲ್ಡರಿಗೇ ಹೋಗುತ್ತೀರಿ. ಒಳಗೆ ಲಿಬ್ರೆ ಆಫೀಸ್, ಅದರೊಳಗೆ 4, ಅದರೊಳಗೆ ‘ಯೂಸರ್’. 2024ರಿಂದ ಲಿಬ್ರೆ ಆಫೀಸ್ ತನ್ನ ಆವೃತ್ತಿಗಳಿಗೆ 24.2 ಎನ್ನುವ ಹಾಗೆ ಇಸವಿಯ ಸಂಖ್ಯೆ ಕೊಡುತ್ತಿದ್ದರೂ ಈ ಫೋಲ್ಡರಿನ ಹೆಸರು 4 ಎಂದೇ ಉಳಿದಿದೆ, ಗಾಬರಿಯಾಗಬೇಡಿ. ‘ಯೂಸರ್’ ಒಳಗಿನ ‘ಆಟೊಕಾರ್’ ಫೋಲ್ಡರಿನಲ್ಲಿ ನಿಮ್ಮ ಆಟೊಕರೆಕ್ಟ್ ಪದಗಳು, ‘ವರ್ಡ್‌ಬುಕ್’ನಲ್ಲಿ ನಿಘಂಟು, ‘ರಿಜಿಸ್ಟ್ರಿಮಾಡಿಫಿಕೇಶನ್ಸ್.ಎಕ್ಸ್‌ಸಿಯು’ ಎಂಬ ಒಂದೇ ಕಡತದಲ್ಲಿ ನೀವು ಆಪ್ಷನ್ಸ್‌ನಲ್ಲಿ ಬದಲಾಯಿಸಿದ್ದರ ಬಹುಪಾಲು ಇರುತ್ತದೆ.

ಈಗಿನ ಪ್ರಶ್ನೆ, ಹಳೆಯದು ಸಿಗುತ್ತದೆಯೇ ಎಂಬುದು. ರಿಪೇರಿಯವರು ಡಿಸ್ಕ್ ಅಳಿಸದೆ ಹಳೆಯದರ ಮೇಲೆಯೇ ವಿಂಡೋಸ್ ಹಾಕಿದ್ದರೆ ಸಿ ಡ್ರೈವ್‌ನಲ್ಲಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಇರುವ ಸಾಧ್ಯತೆ ಇದೆ. ಅದರೊಳಗೆ ಯೂಸರ್ಸ್, ನಿಮ್ಮ ಹೆಸರು, ಆಪ್‌ಡೇಟಾ, ರೋಮಿಂಗ್ ಎಂದು ಇಳಿಯುತ್ತ ಹೋಗಿ. ವಿಂಡೋಸ್ ಈ ಫೋಲ್ಡರನ್ನು ಕೆಲವು ದಿನಗಳ ನಂತರ ತಾನೇ ಅಳಿಸುತ್ತದೆ, ಆದ್ದರಿಂದ ಇವತ್ತೇ ನೋಡಿ. ಸಿಕ್ಕರೆ ಲಿಬ್ರೆ ಆಫೀಸ್ ಪೂರ್ತಿ ಮುಚ್ಚಿ, ಹೊಸ ‘ಯೂಸರ್’ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ಹಳೆಯದನ್ನು ಅದರ ಜಾಗದಲ್ಲಿ ಇಡಿ. ಡಿಸ್ಕ್ ನಿಜವಾಗಿ ಫಾರ್ಮ್ಯಾಟ್ ಆಗಿದ್ದರೆ ಮೊದಲಿನಿಂದ ಸೇರಿಸುವುದೇ ದಾರಿ. ಹಾಗೆ ಸೇರಿಸಿದ ಮೇಲೆ ‘ಯೂಸರ್’ ಫೋಲ್ಡರನ್ನೂ ನಿಮ್ಮ ಪೆನ್‌ಡ್ರೈವ್ ಪಟ್ಟಿಗೆ ಸೇರಿಸಿಕೊಳ್ಳಿ.

ಫಾಂಟ್ ವಿಷಯ ಬೇರೆಯೇ. ಲಿಬ್ರೆ ಆಫೀಸ್ ಪ್ರತಿ ಅಕ್ಷರವನ್ನೂ ಪಾಶ್ಚಾತ್ಯ, ಏಷ್ಯನ್, ಸಂಕೀರ್ಣ ಲಿಪಿ ಎಂದು ಮೂರಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಫಾಂಟ್ ನೆನಪಿಟ್ಟುಕೊಳ್ಳುತ್ತದೆ. ಯೂನಿಕೋಡ್ ಕನ್ನಡ ಮೂರನೆಯ ಗುಂಪಿನದು. ನೀವು ಮೊದಲನೆಯದರಲ್ಲಿ ಎಷ್ಟು ಸಲ ಫಾಂಟ್ ಬದಲಾಯಿಸಿದರೂ ಕನ್ನಡಕ್ಕೆ ತಟ್ಟುವುದಿಲ್ಲ. ಟೂಲ್ಸ್, ಆಪ್ಷನ್ಸ್, ಭಾಷೆಗಳ ಪುಟದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ (ಸಿಟಿಎಲ್) ಆನ್ ಮಾಡಿ ಕನ್ನಡ ಆರಿಸಿ. ಆಮೇಲೆ ರೈಟರ್ ಕೆಳಗೆ ‘ಬೇಸಿಕ್ ಫಾಂಟ್ಸ್ ಸಿಟಿಎಲ್’ ಪುಟದಲ್ಲಿ ನಿಮ್ಮ ಫಾಂಟ್ ಕೊಡಿ. ಒಂದು ಎಚ್ಚರ: ಲಗ್ನಪತ್ರಿಕೆಗೆ ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟುಗಳನ್ನು ಬಳಸುವವರು ನೀವಾಗಿದ್ದರೆ, ಲೆಕ್ಕ ಉಲ್ಟಾ. ಆ ಫಾಂಟುಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗಿರುವುದು ಲ್ಯಾಟಿನ್ ಸಂಕೇತಗಳು. ಆಗ ಪಾಶ್ಚಾತ್ಯ ಫಾಂಟ್ ಪುಟವೇ ನಿಮ್ಮದು.

ಕಂಪ್ಯೂಟರ್ ನಿಧಾನವಾಗಿದೆ. ರಿಜಿಸ್ಟ್ರಿ ಸ್ವಚ್ಛ ಮಾಡುವ ಸಾಫ್ಟ್‌ವೇರ್ ಹಾಕಿದರೆ ವೇಗ ಬರುತ್ತದೆಂದು ಪರಿಚಯದವರು ಹೇಳುತ್ತಿದ್ದಾರೆ. ಹಾಕಲೇ? — ನಿವೃತ್ತ ಅಂಚೆ ನೌಕರರು, ಕುಮಟಾ

ಬೇಡ ಸಾರ್. 1990ರ ದಶಕದ ಮೊದಲಲ್ಲಿ ವಿಂಡೋಸ್‌ನ ಸೆಟ್ಟಿಂಗ್‌ಗಳು ‘ವಿನ್.ಐಎನ್‌ಐ’ಯಂಥ ಸಾದಾ ಪಠ್ಯ ಕಡತಗಳಲ್ಲಿದ್ದವು, ಯಾರು ಬೇಕಾದರೂ ತೆರೆದು ಓದಬಹುದಿತ್ತು. ವಿಂಡೋಸ್ 95ರಿಂದ ರಿಜಿಸ್ಟ್ರಿ ಎಂಬ ದೊಡ್ಡ ಕಣಜ ಅವುಗಳ ಜಾಗಕ್ಕೆ ಬಂತು. ಅದರಲ್ಲಿ ಹತ್ತಾರು ಬೇಡದ ಸಾಲುಗಳು ಉಳಿದಿದ್ದರೂ ವೇಗಕ್ಕೆ ಧಕ್ಕೆಯಿಲ್ಲ; ಬೇಕಾದ ಒಂದು ಸಾಲು ಹೋದರೆ ಮಾತ್ರ ಪ್ರೋಗ್ರಾಂ ಏಳುವುದಿಲ್ಲ. ಇಂಥ ಸಾಫ್ಟ್‌ವೇರ್ ಬಳಕೆಗೆ ಮೈಕ್ರೋಸಾಫ್ಟ್ ಬೆಂಬಲ ಕೊಡುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ‘ಸ್ಟಾರ್ಟಪ್’ ಪಟ್ಟಿಯಲ್ಲಿ ನಿಮಗೆ ಬೇಡದ್ದನ್ನು ನಿಲ್ಲಿಸಿ, ಅಷ್ಟು ಸಾಕು.

ನಾನು ತಿಪಟೂರು ಬಳಿಯ ಸಹಕಾರ ಸಂಘವೊಂದರ ಕಾರ್ಯದರ್ಶಿ. ಬ್ಯಾಂಕಿನಿಂದ ಬರುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಕಡತವನ್ನು ಕಚೇರಿಯಲ್ಲಿ ಎಕ್ಸೆಲ್‌ನಲ್ಲಿ ತೆರೆದರೆ 05/06/2024 ಎಂಬುದು ಜೂನ್ 5. ಅದೇ ಕಡತವನ್ನು ಮಗಳ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಮೇ 6. ಒಂದು ಲಕ್ಷವೂ ಅಲ್ಲಿ 100,000 ಎಂದು ಕಾಣುತ್ತದೆ. ಎಕ್ಸೆಲ್‌ನಲ್ಲಿ ಯಾವ ಸೆಟ್ಟಿಂಗ್ ಬದಲಾಯಿಸಬೇಕು?

ಎಕ್ಸೆಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಅದು ಇಲ್ಲ. ದಿನ ಮೊದಲೋ ತಿಂಗಳು ಮೊದಲೋ, ಅಲ್ಪವಿರಾಮ ಮೂರಂಕಿಗೋ ನಮ್ಮ ಲಕ್ಷ ಕೋಟಿಯ ಕ್ರಮಕ್ಕೋ ಎಂಬುದನ್ನು ಎಕ್ಸೆಲ್ ವಿಂಡೋಸ್‌ನಿಂದ ಕೇಳಿ ಪಡೆಯುತ್ತದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ‘ಇಂಗ್ಲಿಷ್ (ಅಮೆರಿಕ)’ ಆಯ್ಕೆ ಉಳಿದಿದೆ. ಕಂಟ್ರೋಲ್ ಪ್ಯಾನೆಲ್‌ನ ‘ರೀಜನ್’ಗೆ ಹೋಗಿ ಭಾರತದ ಇಂಗ್ಲಿಷ್ ಅಥವಾ ಕನ್ನಡ ಆರಿಸಿದರೆ ಎರಡೂ ಸರಿಹೋಗುತ್ತವೆ.

ಆದರೆ ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಚಿಂತೆ ಹತ್ತಿದ್ದು ಆಗಲೇ ಲ್ಯಾಪ್‌ಟಾಪ್‌ನಲ್ಲಿ ಉಳಿಸಿಟ್ಟ ಲೆಕ್ಕಗಳ ಬಗ್ಗೆ. ಎಕ್ಸೆಲ್ ತನ್ನ ಕಡತದಲ್ಲಿ ದಿನಾಂಕವನ್ನು ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. 2024ರ ಜೂನ್ 5 ಎಂದರೆ 45448, ಮೇ 6 ಎಂದರೆ 45418. ಒಮ್ಮೆ 45418 ಎಂದು ಬರೆದು ಉಳಿಸಿದ ಮೇಲೆ ನೀವು ರೀಜನ್ ಬದಲಾಯಿಸಿದರೂ ಅದು ಮೇ 6 ಆಗಿಯೇ ಉಳಿಯುತ್ತದೆ, ತೋರಿಸುವ ರೀತಿ ಮಾತ್ರ ಬದಲಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ತಿಂಗಳ 13ರಿಂದ ಮುಂದಿನ ದಿನಗಳಿಗೆ ಹೀಗಾಗುವುದಿಲ್ಲ. 13ನೇ ತಿಂಗಳು ಇಲ್ಲದ ಕಾರಣ ಎಕ್ಸೆಲ್ 13/06/2024 ಅನ್ನು ದಿನಾಂಕವೆಂದೇ ಒಪ್ಪದೆ, ಬರೀ ಅಕ್ಷರಗಳೆಂದು ಎಡಕ್ಕೆ ಒತ್ತಿ ಇಡುತ್ತದೆ. ಅಂದರೆ ಒಂದೇ ಅಂಕಣದಲ್ಲಿ ಕೆಲವು ಸಾಲು ತಪ್ಪು ದಿನಾಂಕ, ಕೆಲವು ಸಾಲು ದಿನಾಂಕವೇ ಅಲ್ಲ. ಬಡ್ಡಿ ಲೆಕ್ಕ ಹಾಕಿದ್ದರೆ ಸದಸ್ಯರ ದುಡ್ಡಿನ ಪ್ರಶ್ನೆ. ಅಂಕಣದಲ್ಲಿ ಕೆಲವು ದಿನಾಂಕ ಬಲಕ್ಕೂ ಕೆಲವು ಎಡಕ್ಕೂ ವಾಲಿದ್ದರೆ ಆ ಕಡತವನ್ನು ನಂಬದೆ ಬ್ಯಾಂಕಿನ ಮೂಲ ಸಿಎಸ್‌ವಿಯಿಂದ ಮತ್ತೆ ಶುರುಮಾಡಿ.

ಮುಂದೆ ಸಿಎಸ್‌ವಿ ಮೇಲೆ ನೇರ ಡಬಲ್ ಕ್ಲಿಕ್ ಮಾಡುವ ಬದಲು ಎಕ್ಸೆಲ್‌ನ ‘ಡೇಟಾ’ ಪಟ್ಟಿಯಿಂದ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತನ್ನಿ. ಅಲ್ಲಿಂದ ಡೇಟಾ ತಿದ್ದುವ ಕಿಟಕಿಯಾದ ಪವರ್ ಕ್ವೆರಿಗೆ ಹೋಗಿ ದಿನಾಂಕದ ಅಂಕಣಕ್ಕೆ ಯಾವ ದೇಶದ ಪದ್ಧತಿ ಎಂದು ನೀವೇ ಹೇಳಬಹುದು. ನಿಮ್ಮ ಸಂಘದಿಂದ ಹೊರಗೆ ಕಳಿಸುವ ಪಟ್ಟಿಗಳಲ್ಲಿ 2024-06-05 ಎಂದು ಇಸವಿ ಮೊದಲು ಬರೆದರೆ ಯಾವ ಕಂಪ್ಯೂಟರಿಗೂ ಅನುಮಾನ ಬರುವುದಿಲ್ಲ.

ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಲ್ಲಿ ಪೈಥಾನ್ ಬರೆಯುತ್ತೇನೆ. ಡೇಟಾಬೇಸ್ ಪಾಸ್‌ವರ್ಡ್ ಕೋಡ್‌ನಲ್ಲೇ ಇತ್ತು, ಅದು ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ಗೂ ಹೋಗಿತ್ತು. ಸೀನಿಯರ್ ಹೇಳಿದ ಮೇಲೆ ತೆಗೆದು, ಸೆಟ್ಟಿಂಗ್‌ಗಳನ್ನಷ್ಟೇ ಬರೆದಿಡುವ ‘ಡಾಟ್ ಎನ್ವ್’ ಕಡತಕ್ಕೆ ಹಾಕಿದೆ. ಈಗ ಎರಡು ತೊಂದರೆ. ಡೀಬಗ್=ಫಾಲ್ಸ್ ಎಂದು ಬರೆದರೂ ಡೀಬಗ್ (ತಪ್ಪು ಹುಡುಕಲು ಒಳಗಿನ ವಿವರ ತೋರಿಸುವ ಸ್ಥಿತಿ) ಆನ್ ಆಗಿಯೇ ಇದೆ. ಸರ್ವರ್‌ನಲ್ಲಿ ಡಾಟ್ ಎನ್ವ್ ತಿದ್ದಿದರೂ ಹಳೆಯ ಡೇಟಾಬೇಸ್‌ಗೇ ಹೋಗುತ್ತದೆ. ಕೋಡ್‌ನಲ್ಲಿದ್ದಾಗ ಇವೆಲ್ಲ ಇರಲಿಲ್ಲ. ಈ ಉಸಾಬರಿ ಯಾಕೆ ಬೇಕು ಮೇಡಂ?

ಮೊದಲು ಆ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಈ ಉತ್ತರದ ಮುಂದಿನ ಸಾಲು ಓದಿ. ಹೊಸ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಾಗುವ ಬದಲಾವಣೆ) ಅಳಿಸಿದ್ದೀರಿ ನಿಜ, ಆದರೆ ಗಿಟ್ ಇರುವುದೇ ಹಳೆಯದನ್ನು ಕಾಪಾಡಲು. ಇತಿಹಾಸ ಕೆದಕಿದವರಿಗೆ ಪಾಸ್‌ವರ್ಡ್ ಹಾಗೇ ಸಿಗುತ್ತದೆ. ಇತಿಹಾಸವನ್ನೇ ತಿದ್ದಿ ಬರೆಯುವ ಸಾಧನಗಳಿವೆ. ಅಷ್ಟರಲ್ಲಿ ಯಾರಾದರೂ ಪ್ರತಿ ಇಳಿಸಿಕೊಂಡಿದ್ದರೆ ಅದರಿಂದ ಏನೂ ಆಗದು. ಹೊರಬಿದ್ದ ಗುಟ್ಟಿಗೆ ಒಂದೇ ಮದ್ದು, ಅದನ್ನು ನಿರುಪಯೋಗಿ ಮಾಡುವುದು.

ಡೀಬಗ್ ಕಥೆ ಪೈಥಾನ್ ಬರೆಯುವವರೆಲ್ಲ ತಿಳಿದಿರಬೇಕಾದದ್ದು. ಡಾಟ್ ಎನ್ವ್‌ನ ಸಾಲುಗಳು ಪ್ರೋಗ್ರಾಂಗೆ ಸಿಗುವುದು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ, ಅಂದರೆ ಹೊರಗಿನಿಂದ ಕೊಡುವ ಹೆಸರು-ಮೌಲ್ಯದ ಜೋಡಿಯಾಗಿ. ಅದರಲ್ಲಿ ಬರುವುದೆಲ್ಲ ಬರೀ ಅಕ್ಷರಗಳ ಸರಣಿ. ಪೈಥಾನ್‌ನ ಕಣ್ಣಿಗೆ ಖಾಲಿ ಸರಣಿ ಮಾತ್ರ ಸುಳ್ಳು, ಐದು ಅಕ್ಷರಗಳ ‘ಫಾಲ್ಸ್’ ಖಾಲಿಯಲ್ಲವಾದ್ದರಿಂದ ಅದು ನಿಜ. ಹಾಗಾಗಿ ನೀವು ಆಫ್ ಎಂದು ಬರೆದದ್ದು ಆನ್ ಆಗಿದೆ. ಓದುವ ಜಾಗದಲ್ಲೇ ಟ್ರೂ, 1, ಯೆಸ್ ಇದ್ದರೆ ನಿಜ. ಫಾಲ್ಸ್, 0, ನೋ ಇದ್ದರೆ ಸುಳ್ಳು. ಬೇರೇನೇ ಇದ್ದರೂ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು ಎಂದು ಬರೆಯಿರಿ. ಇದನ್ನು ಇಂದೇ ಮಾಡಿ. ನಿಮ್ಮದು ಜಾಂಗೋ (ಪೈಥಾನ್‌ನ ವೆಬ್ ಚೌಕಟ್ಟು) ಆಗಿದ್ದರೆ ಡೀಬಗ್ ಆನ್ ಇರುವ ಸರ್ವರ್ ಪ್ರತಿ ತಪ್ಪಿಗೂ ನಿಮ್ಮ ಕೋಡಿನ ಸಾಲುಗಳನ್ನು ಹೊರಗಿನವರಿಗೆ ತೆರೆದು ತೋರಿಸುತ್ತದೆ.

ಎರಡನೆಯದಕ್ಕೆ ಕಾರಣ ಹೆಚ್ಚಾಗಿ ಇದು: ‘ಪೈಥಾನ್-ಡಾಟ್‌ಎನ್ವ್’ ಲೈಬ್ರರಿ ತಾನಾಗಿ ಹಳೆಯದರ ಮೇಲೆ ಬರೆಯುವುದಿಲ್ಲ. ಸರ್ವರ್‌ನಲ್ಲಿ ಆ ಹೆಸರಿನ ವೇರಿಯಬಲ್ ಮೊದಲೇ ಇದ್ದರೆ ಕಡತದಲ್ಲಿರುವುದನ್ನು ಬಿಟ್ಟು ಅದನ್ನೇ ಇಟ್ಟುಕೊಳ್ಳುತ್ತದೆ. ಯಾರೋ ಹಿಂದೆ ಸರ್ವರ್‌ನಲ್ಲಿ ಪ್ರೋಗ್ರಾಂ ಶುರುಮಾಡಿಸುವ ಸರ್ವಿಸ್ ಕಡತದಲ್ಲಿ ಹಳೆಯ ಡೇಟಾಬೇಸ್ ವಿಳಾಸ ಬರೆದಿರಬೇಕು, ಹುಡುಕಿ. ಇಂಥ ಹುಡುಕಾಟ ತಪ್ಪಿಸಲು ನಾನು ಎಲ್ಲರಿಗೂ ಒಂದು ಕೆಲಸ ಹೇಳುತ್ತೇನೆ. ಪ್ರೋಗ್ರಾಂ ಶುರುವಾದ ಕೂಡಲೇ ತನ್ನ ಪ್ರತಿ ಸೆಟ್ಟಿಂಗ್‌ನ ಅಂತಿಮ ಮೌಲ್ಯ ಏನು, ಅದು ಎಲ್ಲಿಂದ ಬಂತು ಎಂದು ಲಾಗ್‌ನಲ್ಲಿ ಬರೆಯಲಿ, ಪಾಸ್‌ವರ್ಡ್‌ಗಳ ಜಾಗದಲ್ಲಿ ನಕ್ಷತ್ರ ಹಾಕಲಿ. ಗಿಟ್ ಇದನ್ನು ಚೆನ್ನಾಗಿ ಮಾಡುತ್ತದೆ: ‘ಗಿಟ್ ಕಾನ್ಫಿಗ್ --ಲಿಸ್ಟ್ --ಶೋ-ಆರಿಜಿನ್’ ಕೊಟ್ಟು ನೋಡಿ, ಪ್ರತಿ ಸಾಲಿನ ಪಕ್ಕದಲ್ಲೂ ಅದು ಬಂದ ಕಡತದ ಹೆಸರಿರುತ್ತದೆ.

ಇನ್ನು ‘ಯಾಕೆ ಬೇಕು’. ಇತರರ ಆಪ್‌ಗಳನ್ನು ತಮ್ಮ ಸರ್ವರ್‌ಗಳಲ್ಲಿ ನಡೆಸಿಕೊಡುವ ಹೆರೋಕು ಕಂಪನಿಯವರು 2011ರ ಸುಮಾರಿಗೆ ಹನ್ನೆರಡು ಅಂಶಗಳ ಒಂದು ಕೈಪಿಡಿ ಬರೆದರು. ಅದರಲ್ಲಿ ಒಂದು ಪರೀಕ್ಷೆ ಇದೆ: ನಿಮ್ಮ ಕೋಡನ್ನು ಈ ಗಳಿಗೆಯಲ್ಲಿ ಸಾರ್ವಜನಿಕಗೊಳಿಸಿದರೆ ಯಾವ ಗುಟ್ಟಾದರೂ ಬಯಲಾಗುತ್ತದೆಯೇ? ನಿಮ್ಮ ಕೋಡ್ ಮೊನ್ನೆವರೆಗೆ ಅದರಲ್ಲಿ ಅನುತ್ತೀರ್ಣ. ಹಾಗೆಂದು ಎಲ್ಲವನ್ನೂ ಎನ್ವಿರಾನ್‌ಮೆಂಟ್‌ಗೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಂದು ಪುಟಕ್ಕೆ ಎಷ್ಟು ಸಾಲು ತೋರಿಸಬೇಕು ಎಂಬಂಥದ್ದು ಪರೀಕ್ಷಾ ಸರ್ವರ್‌ಗೂ ನಿಜವಾದ ಸರ್ವರ್‌ಗೂ ಒಂದೇ ಆಗಿದ್ದರೆ ಅದು ಕೋಡ್‌ನಲ್ಲಿಯೇ ಇರಲಿ. ಜಾಗ ಬದಲಾದಂತೆ ಬದಲಾಗುವುದನ್ನು ಮಾತ್ರ ಹೊರಗಿಡಿ. ಡಾಟ್ ಎನ್ವ್ ಕಡತವನ್ನು, ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿ, ಹೆಸರುಗಳು ಮಾತ್ರ ಇರುವ ‘ಡಾಟ್ ಎನ್ವ್ ಎಕ್ಸಾಂಪಲ್’ ಕಡತವನ್ನು ಗಿಟ್‌ನಲ್ಲಿಡಿ. ಪ್ರತಿ ಹೆಸರಿನ ಮೇಲೆ ಅದು ಏಕಿದೆ ಎಂದು ಒಂದು ಸಾಲು ಟಿಪ್ಪಣಿ ಬರೆಯಿರಿ, ನಾಳೆ ಬರುವ ಹೊಸಬರಿಗೆ ಅದೇ ಆಧಾರ.

ಬಳಕೆ ತಪ್ಪಿದ ಸೆಟ್ಟಿಂಗನ್ನು ಕಿತ್ತುಹಾಕುವುದನ್ನೂ ಇದರ ಜತೆಗೇ ಕಲಿಯಿರಿ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಕಂಪನಿಯಲ್ಲಿ ‘ಪವರ್ ಪೆಗ್’ ಎಂಬ ಕೆಲಸ 2003ರಲ್ಲೇ ನಿಂತಿತ್ತು, ಅದರ ಕೋಡ್ ಮಾತ್ರ ಸರ್ವರ್‌ಗಳಲ್ಲಿ ಉಳಿದಿತ್ತು. 2012ರಲ್ಲಿ ಹೊಸ ಸೌಲಭ್ಯ ಬರೆದವರು ಅದನ್ನು ಎಬ್ಬಿಸುತ್ತಿದ್ದ ಹಳೆಯ ಫ್ಲ್ಯಾಗನ್ನೇ (ಆನ್-ಆಫ್ ಗುರುತು) ಹೊಸ ಅರ್ಥಕ್ಕೆ ಬಳಸಿದರು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಯಿತು, ಒಂದಕ್ಕೆ ಹೋಗಲಿಲ್ಲ. ಆಗಸ್ಟ್ 1ರ ಬೆಳಗ್ಗೆ ಮಾರುಕಟ್ಟೆ ತೆರೆದಾಗ ಆ ಫ್ಲ್ಯಾಗ್ ಏಳರಲ್ಲಿ ಹೊಸ ಕೆಲಸವನ್ನೂ ಎಂಟನೆಯದರಲ್ಲಿ ಸತ್ತ ಕೋಡನ್ನೂ ಎಬ್ಬಿಸಿತು. ಸುಮಾರು 45 ನಿಮಿಷದಲ್ಲಿ ಬೇಡದ ಷೇರುಗಳ ರಾಶಿ ಬಿತ್ತು, ನಷ್ಟ 44 ಕೋಟಿ ಡಾಲರ್ ಮುಟ್ಟಿತು. ನಿಮ್ಮ ಸೀನಿಯರ್ ಹೇಳಿದ್ದನ್ನು ಉಸಾಬರಿ ಎನ್ನಬೇಡಿ ತಮ್ಮಾ, ಅವರು ಒಳ್ಳೆಯ ಮೇಷ್ಟ್ರು.

ಊರುಗಳ ಎಸ್‌ಟಿಡಿ ಕೋಡ್ ಪಟ್ಟಿಯನ್ನು ಯಾಮಲ್ (ಸೆಟ್ಟಿಂಗ್ ಬರೆಯುವ ಒಂದು ಪಠ್ಯ ರೂಪ) ಕಡತದಲ್ಲಿಟ್ಟು ಪೈಥಾನ್‌ನಿಂದ ಓದುತ್ತೇನೆ. ಕರ್ನಾಟಕದ ಊರುಗಳೆಲ್ಲ ಸರಿಯಾಗಿ ಬಂದವು. ಮುಂಬೈ ಸೇರಿಸಿದಾಗ 022 ಬದಲು 18 ಬಂತು. ನನ್ನ ಕೋಡ್‌ನಲ್ಲಿ ಏನು ತಪ್ಪು? — ಬಿಸಿಎ ವಿದ್ಯಾರ್ಥಿನಿ, ಪುತ್ತೂರು

ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ, ಮತ್ತು ಇಷ್ಟು ಸೊಗಸಾದ ಉದಾಹರಣೆ ಕಳಿಸಿದ್ದಕ್ಕೆ ನಿಮಗೆ ಧನ್ಯವಾದ. ಪೈಥಾನ್‌ನಲ್ಲಿ ಯಾಮಲ್ ಓದುವ ‘ಪೈಯಾಮಲ್’ ಲೈಬ್ರರಿ ಅನುಸರಿಸುವುದು ಯಾಮಲ್‌ನ ಹಳೆಯ 1.1 ನಿಯಮಗಳನ್ನು. ಅದರಲ್ಲಿ ಸೊನ್ನೆಯಿಂದ ಶುರುವಾಗಿ 0ರಿಂದ 7ರ ಅಂಕಿಗಳಷ್ಟೇ ಇದ್ದರೆ ಅದು ಅಷ್ಟಮಾನ ಸಂಖ್ಯೆ, ಅಂದರೆ ಹತ್ತರ ಬದಲು ಎಂಟರ ಗುಂಪಿನಲ್ಲಿ ಎಣಿಸಿದ್ದು. 022 ಎಂದರೆ ಎರಡು ಎಂಟು ಮತ್ತು ಎರಡು, ಒಟ್ಟು 18. ಬೆಂಗಳೂರಿನ 080, ಮೈಸೂರಿನ 0821, ಹುಬ್ಬಳ್ಳಿಯ 0836ರಲ್ಲಿ 8 ಇದೆ. ಅಷ್ಟಮಾನದಲ್ಲಿ 8 ಎಂಬ ಅಂಕಿಯೇ ಇಲ್ಲದ್ದರಿಂದ ಅವು ಅಕ್ಷರಗಳಾಗಿಯೇ ಉಳಿದು ಬಚಾವಾದವು. ಚೆನ್ನೈನ 044 ಸೇರಿಸಿ ನೋಡಿ, 36 ಬರುತ್ತದೆ.

ಇದೇ ಜಾತಿಯ ಇನ್ನೊಂದು ಪ್ರಸಿದ್ಧ ತೊಡಕು ದೇಶಗಳ ಸಂಕೇತದಲ್ಲಿದೆ: ನಾರ್ವೆಯ ‘ಎನ್‌ಓ’ ಅಕ್ಷರಗಳನ್ನು ಅದು ‘ಇಲ್ಲ’ ಎಂದು ಓದಿ ಫಾಲ್ಸ್ ಕೊಡುತ್ತದೆ. 3.10 ಎಂಬ ಆವೃತ್ತಿ ಸಂಖ್ಯೆ 3.1 ಆಗುತ್ತದೆ. ಲೆಕ್ಕ ಮಾಡಲು ಬಳಸದ ಯಾವ ಅಂಕಿಯನ್ನೂ, ಅದು ಎಸ್‌ಟಿಡಿ ಕೋಡ್ ಇರಲಿ, ಪಿನ್‌ಕೋಡ್, ರಿಜಿಸ್ಟರ್ ನಂಬರ್ ಇರಲಿ, ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಹೊಸ ಪ್ರಾಜೆಕ್ಟ್ ಆದರೆ ಟಾಮಲ್ ಎಂಬ ಇನ್ನೊಂದು ರೂಪ ನೋಡಿ. ಅದರಲ್ಲಿ ಅಕ್ಷರಗಳಿಗೆ ಉದ್ಧರಣ ಚಿಹ್ನೆ ಕಡ್ಡಾಯ, ಪೈಥಾನ್ 3.11ರಿಂದ ಅದನ್ನು ಓದುವ ವ್ಯವಸ್ಥೆಯೂ ಭಾಷೆಯ ಜತೆಗೇ ಬರುತ್ತದೆ.

ಬಾಡಿಗೆಗೆ ಪಡೆದ ಉಬುಂಟು ಸರ್ವರ್‌ನಲ್ಲಿ ನಮ್ಮ ಕಾಲೇಜಿನ ಜಾಲತಾಣ ಇದೆ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಕಡತ) ಮಾತ್ರ ಇಡೋಣವೆಂದು, ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ ಕಡತದ ಕೊನೆಯಲ್ಲಿ ‘ಪಾಸ್‌ವರ್ಡ್‌ಆಥೆಂಟಿಕೇಶನ್ ನೋ’ ಎಂದು ಸೇರಿಸಿದೆ. ರೀಸ್ಟಾರ್ಟ್ ಮಾಡಿದೆ. ಆದರೂ ಪಾಸ್‌ವರ್ಡ್ ಕೇಳುತ್ತಿದೆ, ಒಳಗೂ ಬಿಡುತ್ತಿದೆ. — ಉಪನ್ಯಾಸಕರು, ಕಲಬುರಗಿ

ಪರೀಕ್ಷಿಸಿ ನೋಡಿದ್ದೀರಲ್ಲ, ಅದು ದೊಡ್ಡದು. ಎಷ್ಟೋ ಮಂದಿ ಸಾಲು ಬರೆದು ಬಾಗಿಲು ಹಾಕಿತೆಂದು ನಂಬಿ ಮಲಗುತ್ತಾರೆ.

ಹೆಚ್ಚಿನ ಪ್ರೋಗ್ರಾಂಗಳಲ್ಲಿ ಒಂದೇ ಸೆಟ್ಟಿಂಗ್ ಎರಡು ಸಲ ಬಂದರೆ ಕೊನೆಯದು ಗೆಲ್ಲುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ. ಈಗಿನ ಉಬುಂಟುಗಳಲ್ಲಿ ಆ ಕಡತದ ಮೇಲ್ಭಾಗದಲ್ಲೇ ‘ಇನ್‌ಕ್ಲೂಡ್’ ಎಂಬ ಸಾಲಿದ್ದು, ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರಿನ ಕಡತಗಳನ್ನೆಲ್ಲ ಅಲ್ಲಿಯೇ ಓದಿಸುತ್ತದೆ. ಬಾಡಿಗೆ ಸರ್ವರ್‌ಗಳಲ್ಲಿ ಆ ಫೋಲ್ಡರಿನಲ್ಲಿ ‘50-ಕ್ಲೌಡ್-ಇನಿಟ್.ಕಾನ್ಫ್’ ಎಂಬ ಕಡತ ಇರುವುದುಂಟು, ಅದರಲ್ಲಿ ‘ಪಾಸ್‌ವರ್ಡ್‌ಆಥೆಂಟಿಕೇಶನ್ ಯೆಸ್’ ಎಂದಿರಬಹುದು. ನಿಮ್ಮ ‘ನೋ’ ಕೊನೆಯಲ್ಲಿದೆ, ಸರದಿ ಅಲ್ಲಿಗೆ ಬರುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ.

ಆ ಫೋಲ್ಡರಿನಲ್ಲಿ 10ರಿಂದ ಶುರುವಾಗುವ ಹೆಸರಿನ ಹೊಸ ಕಡತ ಮಾಡಿ, ನಿಮ್ಮ ಸಾಲನ್ನು ಅದರಲ್ಲಿ ಬರೆಯಿರಿ. ಹೆಸರಿನ ಕ್ರಮದಲ್ಲಿ ಓದುವುದರಿಂದ 50ಕ್ಕಿಂತ ಮೊದಲು ಬರುತ್ತದೆ. ‘ಸುಡೊ ಎಸ್‌ಎಸ್‌ಎಚ್‌ಡಿ -ಟಿ’ ಎಂದು ಚಿಕ್ಕ ಟಿ ಕೊಟ್ಟರೆ ಬರವಣಿಗೆಯ ತಪ್ಪು ಹುಡುಕುತ್ತದೆ, ದೊಡ್ಡ ಟಿ ಕೊಟ್ಟರೆ ಎಲ್ಲ ಕಡತ ಓದಿದ ಮೇಲೆ ಕೊನೆಗೆ ಯಾವ ಮೌಲ್ಯ ಉಳಿಯಿತು ಎಂದು ಪೂರ್ತಿ ಪಟ್ಟಿ ಕೊಡುತ್ತದೆ. ಅದರಲ್ಲಿ ‘ನೋ’ ಕಂಡ ಮೇಲೆ ರೀಸ್ಟಾರ್ಟ್ ಮಾಡಿ. ಈಗ ತೆರೆದಿರುವ ಲಾಗಿನ್ ರೀಸ್ಟಾರ್ಟ್‌ನಿಂದ ಕಡಿಯುವುದಿಲ್ಲ. ಆದ್ದರಿಂದ ಇನ್ನೊಂದು ಟರ್ಮಿನಲ್‌ನಿಂದ ಕೀ ಬಳಸಿ ಒಳಗೆ ಬರಲು ಆಗುತ್ತದೆಂದು ಖಾತ್ರಿಯಾಗುವವರೆಗೆ ಮೊದಲನೆಯದನ್ನು ಮುಚ್ಚಬೇಡಿ.